ಪಂಪ್‌ಸೆಟ್ಟು ಕಾಣದ ಲೆಕ್ಕ

ಮನೆಯೊಂದರ ಇಂಗಾಲದ ಹೆಜ್ಜೆಗುರುತು ಅಳೆಯುವ ಪದ್ಧತಿಗೆ ಈಗ ಅದರ ಯೋಗ್ಯತೆಗೆ ಮೀರಿದ ಮರ್ಯಾದೆ ಸಿಗುತ್ತಿದೆ. ಶಾಲೆಯ ಪ್ರಾಜೆಕ್ಟಿನಲ್ಲಿ, ಪರಿಸರ ದಿನದ ಭಾಷಣದಲ್ಲಿ ಅದನ್ನು ತಕರಾರಿಲ್ಲದೆ ಒಪ್ಪುತ್ತಾರೆ. ಕರೆಂಟು, ಗ್ಯಾಸು, ಪೆಟ್ರೋಲು, ವಿಮಾನ, ಮಾಂಸ ಇವನ್ನು ಕೇಳಿ, ಬಂದ ಮೊತ್ತವನ್ನು ಮನೆಮಂದಿಯ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಒಕ್ಕಲು ಮನೆಗೆ ಬಂದಾಗ ಈ ಲೆಕ್ಕ ಹೊಸ್ತಿಲಲ್ಲೇ ನಿಲ್ಲುತ್ತದೆ. ದನದ ಕೊಟ್ಟಿಗೆಗೂ ಹೋಗುವುದಿಲ್ಲ, ಹೊಲಕ್ಕೂ ಇಳಿಯುವುದಿಲ್ಲ.

ಒಂದೇ ಪ್ರಶ್ನೆಯನ್ನು ಹಿಡಿದು ನೋಡೋಣ: ನಿಮ್ಮ ಮನೆಯ ತಿಂಗಳ ವಿದ್ಯುತ್ ಎಷ್ಟು?

ಉತ್ತರವನ್ನು ರೂಪಾಯಿಯಲ್ಲಿ ಕೇಳಿದರೆ ಗೃಹಜ್ಯೋತಿ ಯೋಜನೆಯ ಮನೆಯವರು ಸೊನ್ನೆ ಎನ್ನಬೇಕಾಗುತ್ತದೆ. 2023ರ ಜುಲೈಯಿಂದ, 200 ಯೂನಿಟ್ಟಿನ ಮಿತಿಯೊಳಗೆ, ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಅಲ್ಪಸ್ವಲ್ಪಕ್ಕೆ ಬಿಲ್ ಕಟ್ಟಬೇಕಿಲ್ಲ. ಯೂನಿಟ್ಟಿನಲ್ಲೇ ಕೇಳಿದರು ಎನ್ನೋಣ. ತಿಂಗಳಿಗೆ 60 ಯೂನಿಟ್ ಉರಿಸುವ ಮನೆ ಇರಲಿ. ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ; ಅಂದರೆ ತಿಂಗಳಿಗೆ 42 ಕಿಲೋ. 14.2 ಕಿಲೋದ ಒಂದು ಸಿಲಿಂಡರ್ ಉರಿದು ಮುಗಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಇಷ್ಟಕ್ಕೆ ಆ ಮನೆ ಹಸಿರು ಮನೆ ಎಂದು ಪಾಸಾಗುತ್ತದೆ.

ಅದೇ ಮನೆಯ ಬಾವಿಯ ಮೇಲೆ 5 ಎಚ್‌ಪಿ ಮೋಟಾರು ಇದೆ. ದಿನಕ್ಕೆ 7 ತಾಸು ತ್ರೀಫೇಸ್ ಸಿಕ್ಕರೆ, ಮೋಟಾರಿನ ನಷ್ಟ ಬಿಟ್ಟು ಎಣಿಸಿದರೂ 26 ಯೂನಿಟ್. ಕಬ್ಬಿಗೆ ತಿಂಗಳಲ್ಲಿ 20 ದಿನ ನೀರು ಹಾಯಿಸಿದರೆ 520 ಯೂನಿಟ್, 364 ಕಿಲೋ. ಮನೆಯ ದೀಪ, ಫ್ಯಾನು, ಟಿವಿ, ಮಿಕ್ಸರ್ ಎಲ್ಲ ಸೇರಿದರೂ ಇದರ ಎಂಟನೆಯ ಒಂದು ಪಾಲೂ ಆಗುವುದಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಬಹುತೇಕ ಕಡೆ ಮೀಟರೂ ಇಲ್ಲ. ವಿದ್ಯುತ್ ಪೂರೈಸುವ ಎಸ್ಕಾಂಗಳೇ ಈ ಬಳಕೆಯನ್ನು ಅಂದಾಜಿನ ಮೇಲೆ ತೋರಿಸುತ್ತವೆ. ಬಿಲ್ಲಿಲ್ಲದ್ದರಿಂದ ಮನೆಯವರಿಗೂ ಅದು ನೆನಪಾಗುವುದಿಲ್ಲ, ಲೆಕ್ಕ ಬರೆಸುವವರೂ ಕೇಳುವುದಿಲ್ಲ. ನಮ್ಮ ಸೀಮೆಯ ಮನೆತನದ ಬಹುದೊಡ್ಡ ಬಾಬ್ತು ಹೀಗೆ ಬಿಟ್ಟುಹೋಗಿದೆ. ಇದನ್ನು ಸಣ್ಣ ತಪ್ಪೆಂದು ಕ್ಷಮಿಸಲು ನನಗೆ ಸಾಧ್ಯವಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ತಳ್ಳಿಹಾಕಲೇಬೇಕು. ಸವದತ್ತಿಯ ಗುಡ್ಡಗಳ ಮೇಲೆ ಇಷ್ಟೊಂದು ಗಾಳಿಯಂತ್ರ ತಿರುಗುತ್ತಿರುವಾಗ ನಮ್ಮ ಕರೆಂಟಿಗೆ ದೇಶದ ಸರಾಸರಿ ಹಚ್ಚುವುದು ಅನ್ಯಾಯ ಎನ್ನುವವರಿದ್ದಾರೆ. ಆ ಕರೆಂಟು ಸೇರುವುದು ಗ್ರಿಡ್ಡಿಗೆ. ಗುಡ್ಡದ ಬುಡದ ಹಳ್ಳಿಗೆಂದು ಬೇರೆ ತಂತಿ ಬಂದಿಲ್ಲ. ಈ ಒಂದು ವಿಷಯದಲ್ಲಿ ಚಾಲ್ತಿಯ ಲೆಕ್ಕವೇ ಸರಿ.

ಒಲೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಮರುವರ್ಷ ಮತ್ತೆ ಬೆಳೆಯುತ್ತವೆ, ಆದ್ದರಿಂದ ಅವುಗಳ ಇಂಗಾಲವನ್ನು ಸೊನ್ನೆ ಎಂದು ಹಿಡಿಯುವುದು ಸರಿ. ಆದರೆ ಕುಳ್ಳಿನ ಒಲೆಯ ಮೀಥೇನು, ಮಸಿ ಸೊನ್ನೆಯಲ್ಲ. ಅದನ್ನು ಉಸಿರಾಡುವ ಹೆಣ್ಣುಮಕ್ಕಳ ಎದೆಗೂ ಅದು ಸೊನ್ನೆಯಲ್ಲ.

ಇನ್ನು ನನ್ನ ನಿಜವಾದ ಜಗಳ ವಿಮರ್ಶಕರ ಎರಡು ಬಣಗಳ ಜೊತೆ. ಈ ಹೆಜ್ಜೆಗುರುತಿನ ಮಾತನ್ನು ಮನೆಮಾತಾಗಿಸಿದ್ದು ಬಿಪಿ ಎಂಬ ತೈಲ ಕಂಪನಿಯ 2000ರ ದಶಕದ ಜಾಹೀರಾತು; ತನ್ನ ಹೊರೆಯನ್ನು ಜನರ ಹೆಗಲಿಗೆ ದಾಟಿಸಲು ಅದು ಹೂಡಿದ ಉಪಾಯವಿದು, ಆದ್ದರಿಂದ ಮನೆ ಲೆಕ್ಕವನ್ನೇ ಬಿಸಾಡಿ ಎನ್ನುತ್ತದೆ ಮೊದಲ ಬಣ. ಇತಿಹಾಸ ನಿಜ, ತೀರ್ಮಾನ ತಪ್ಪು. ಲೆಕ್ಕ ಬಿಸಾಡಿದರೆ ತೈಲ ಕಂಪನಿಗೆ ನಷ್ಟವೇನಿಲ್ಲ, ನಷ್ಟ ರೈತನಿಗೆ. ಪಂಪ್‌ಸೆಟ್ಟನ್ನು ಸೌರಶಕ್ತಿಗೆ ತರುವ ಕುಸುಮ್ ಯೋಜನೆ 2019ರಿಂದ ಇದೆ. ಅದರಲ್ಲಿ ತನಗೆ ಏನು ಬೇಕೆಂದು ಕೇಳಲು ರೈತನ ಕೈಯಲ್ಲಿ ತನ್ನದೇ ಅಂಕಿ ಇರಬೇಕು.

ಎರಡನೆಯ ಬಣದವರು ಹೆಚ್ಚು ಜಾಣರು. ಹೆಜ್ಜೆಗುರುತು ಬಳಸುವವನದು, ಬೆಳೆಯುವವನದಲ್ಲ. ಪಂಪಿನ ಹೊಗೆ ಸಕ್ಕರೆ ತಿನ್ನುವವನ ಪಾಲಿಗೆ, ಎಮ್ಮೆಯ ಮೀಥೇನು ಹಾಲು ಕುಡಿಯುವವನ ಪಾಲಿಗೆ ಎನ್ನುತ್ತಾರೆ ಅವರು. ನ್ಯಾಯದ ಮಾತೇ. ರಾಮದುರ್ಗದ ನೇಕಾರನ ಮನೆಯೊಳಗೆ ವಿದ್ಯುತ್ ಮಗ್ಗವಿದ್ದರೆ ಅದರ ಕರೆಂಟನ್ನು ಅವನ ಹೆಸರಿಗೆ ಬರೆದು, ಸೀರೆ ಉಟ್ಟವರನ್ನು ಬಿಟ್ಟುಬಿಡುವುದು ತಪ್ಪೆಂದು ನಾನೂ ಹೇಳುತ್ತೇನೆ. ಆದರೆ ಬೆಂಗಳೂರಿನಲ್ಲಿ ಚಹಾ ಕುಡಿಯುವವರ ಪಟ್ಟಿಯಲ್ಲಿ ಮಲಪ್ರಭೆ ಸೀಮೆಯ ಬೋರು ಎಲ್ಲಿದೆ? ಅಲ್ಲಿ ಇರುವುದು 'ಆಹಾರ' ಎಂಬ ಒಂದು ಸಾಲು, ಅದರ ಎದುರು ಸಸ್ಯಾಹಾರಿಯೋ ಮಾಂಸಾಹಾರಿಯೋ ಎಂಬ ಆಯ್ಕೆ. ಬೆಳೆದವನ ಪಟ್ಟಿಯಿಂದ ಕಳೆದದ್ದು ತಿಂದವನ ಪಟ್ಟಿಯಲ್ಲಿ ಕೂಡಿಲ್ಲ. ಅಷ್ಟೇ ಅಲ್ಲ, ಮೋಟಾರಿನ ಸ್ವಿಚ್ಚು ಚಹಾ ಕುಡಿಯುವವರ ಕೈಯಲ್ಲಿಲ್ಲ. ಹನಿ ನೀರಾವರಿ ಹಾಕಬೇಕೇ, ಕಬ್ಬಿನ ರವದಿಗೆ ಬೆಂಕಿ ಇಡದೆ ಸಾಲಿನಲ್ಲೇ ಮುಚ್ಚಬೇಕೇ ಎಂದು ತೀರ್ಮಾನಿಸುವುದು ಕಿತ್ತೂರಿನ ಹೊಲದಲ್ಲಿ.

ಆದ್ದರಿಂದ ನಮ್ಮ ಮನೆ ಲೆಕ್ಕಕ್ಕೆ ಎರಡು ಅಂಕಣ ಬೇಕು: ಉಂಡು ಉರಿಸಿದ್ದು ಒಂದು, ಬೆಳೆದು ಮಾರಿದ್ದು ಇನ್ನೊಂದು. ಎರಡನ್ನೂ ಕೂಡಿಸಿ ಒಬ್ಬನ ತಲೆಗೆ ಕಟ್ಟಬಾರದು. ಎರಡನೆಯ ಅಂಕಣದ ತೂಕ ನೋಡಿ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಸುಮಾರು 20.7 ಕಿಲೋ ಸಾರಜನಕ, ಅದರಲ್ಲಿ ಶೇ. 1ರಷ್ಟು ನೈಟ್ರಸ್ ಆಕ್ಸೈಡಾಗಿ ಹಾರುತ್ತದೆ ಎಂಬ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಸಾಮಾನ್ಯ ಸೂತ್ರ ಹಿಡಿದರೆ, 89 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಎರಡು ಸಿಲಿಂಡರಿಗಿಂತ ಹೆಚ್ಚು, ಅದೂ ಕಾರ್ಖಾನೆಯ ಹೊಗೆ ಬಿಟ್ಟು. ಒಂದು ಎಮ್ಮೆ ವರ್ಷಕ್ಕೆ 55 ಕಿಲೋ ಮೀಥೇನ್ ಬಿಡುತ್ತದೆಂಬ ಅದೇ ಸಂಸ್ಥೆಯ 2006ರ ಅಂಕಿಯ ಪ್ರಕಾರ ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ ಒಂದೂವರೆ ಟನ್, ಅಂದರೆ 35 ಸಿಲಿಂಡರ್. ಹಾಗೆಂದು ಎಮ್ಮೆ ಮಾರಿ ಎಂದು ನಾನು ಹೇಳುತ್ತಿಲ್ಲ. ಎಮ್ಮೆಯಿರುವ ಮನೆಗೆ ಎಲ್‌ಇಡಿ ಬಲ್ಬಿನ ಉಪದೇಶ ಮಾಡಿ ಹೋಗುವವರ ಮೇಲೆ ನನ್ನ ಸಿಟ್ಟು. ಅಲ್ಲಿ ಮೊದಲು ಆಡಬೇಕಾದ ಮಾತು ಮೇವಿನದು, ಗೋಬರ್ ಗ್ಯಾಸಿನದು.

ಪಂಪಿಗೆ ಮೀಟರ್ ಕೂರಿಸುವುದನ್ನು ರೈತ ಸಂಘಟನೆಗಳು ವಿರೋಧಿಸುತ್ತ ಬಂದಿವೆ. ಇಂದು ಮೀಟರು, ನಾಳೆ ಬಿಲ್ಲು ಎಂಬ ಅವರ ಅಂಜಿಕೆ ಸಕಾರಣವಾದದ್ದು. ಆದರೆ ಈ ಲೆಕ್ಕಕ್ಕೆ ಮೀಟರೇ ಬೇಕಿಲ್ಲ. ಮೋಟಾರು ಎಷ್ಟು ಎಚ್‌ಪಿ, ದಿನಕ್ಕೆ ಎಷ್ಟು ತಾಸು ಕರೆಂಟು ಬಂತು, ವರ್ಷದಲ್ಲಿ ಎಷ್ಟು ದಿನ ನೀರು ಹಾಯಿಸಿದಿರಿ ಎಂಬ ಮೂರು ಪ್ರಶ್ನೆ ಸಾಕು. ಈ ನಾಲ್ಕು ತಾಲೂಕಿನ ಯಾವ ರೈತನಾದರೂ ಮೂರಕ್ಕೂ ಅಲ್ಲೇ ಉತ್ತರ ಹೇಳುತ್ತಾನೆ.