ಕಂಟೋನ್ಮೆಂಟಿನ ಮನೆ ದಲ್ಲಾಳಿ

1806ರಲ್ಲಿ ನಿಜಾಮ ಸಿಕಂದರ್ ಜಾಹ್‌ನ ಹೆಸರು ಪಡೆದ ಸಿಕಂದರಾಬಾದ್, ಬ್ರಿಟಿಷ್ ದಂಡಿನ ಸುತ್ತ ಬೆಳೆದ ಊರು. ವರ್ಗಾವಣೆಯಾಗಿ ಬಂದ ಸೈನಿಕ ಕುಟುಂಬಕ್ಕೆ ಸರ್ಕಾರಿ ಕ್ವಾರ್ಟರ್ಸ್ ಕೂಡಲೇ ಸಿಗದಿದ್ದರೆ, ಮೊದಲು ಬೇಕಾಗುವುದು ಪಳಗಿದ ಮನೆ ದಲ್ಲಾಳಿಯ ನೆರವು.

ಈ ಕಸುಬಿನ ಹೆಚ್ಚುಗಾರಿಕೆ ಇರುವುದು ನೆಲದ ತಿಳಿವಳಿಕೆಯಲ್ಲಿ. ತಿರುಮಲಗಿರಿ, ಬೊಲ್ಲಾರಂ, ಕಾರ್ಖಾನಾ, ಮಾರೇಡ್‌ಪಲ್ಲಿ, ನಿವೃತ್ತ ಸೈನಿಕರಿಗೆಂದು ರೂಪುಗೊಂಡ ಸೈನಿಕಪುರಿ: ಒಂದೊಂದರ ಬಾಡಿಗೆ, ನೀರು, ಶಾಲೆಯ ದೂರ ಒಳ್ಳೆಯ ದಲ್ಲಾಳಿಗೆ ಬಾಯಿಪಾಠ. ಸೇನಾ ಪ್ರದೇಶದ ಯಾವ ರಸ್ತೆಯಲ್ಲಿ ಸಾರ್ವಜನಿಕರ ಓಡಾಟಕ್ಕೆ ನಿರ್ಬಂಧವಿದೆ ಎಂಬುದೂ ಗೊತ್ತು. ಮನೆ ತೋರಿಸುವಾಗ ಅಡುಗೆಮನೆಯ ನಲ್ಲಿ ತಿರುಗಿಸಿ, ಬರುವುದು ಬೋರ್‌ವೆಲ್ ನೀರೋ ಮುನಿಸಿಪಲ್ ನೀರೋ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕೋ ಎಂದು ಕೇಳುವ ಮೊದಲೇ ಹೇಳುವುದು ಪ್ರಾಮಾಣಿಕತೆಯ ಗುರುತು.

ಕೊಳ್ಳುವವರಿಗೆ ಈ ನೆರವು ಇನ್ನೂ ಮುಖ್ಯ. ಕಂಟೋನ್ಮೆಂಟಿನ ‘ಓಲ್ಡ್ ಗ್ರಾಂಟ್’ ಬಂಗಲೆಗಳಲ್ಲಿ ಕಟ್ಟಡ ಖಾಸಗಿಯವರದಾದರೂ ನೆಲ ಸರ್ಕಾರದ್ದು. ಆದ್ದರಿಂದ ಕಂಟೋನ್ಮೆಂಟಿನ ಭೂದಾಖಲೆಯಾದ ಜನರಲ್ ಲ್ಯಾಂಡ್ ರಿಜಿಸ್ಟರಿನ ನಮೂದು ನೋಡದೆ ಮುಂಗಡ ಕೊಡಬೇಡಿ ಎಂದು ತಡೆಯುವ ದಲ್ಲಾಳಿ ಕುಟುಂಬದ ಜೀವಮಾನದ ಉಳಿತಾಯವನ್ನೇ ಕಾಯುತ್ತಾನೆ.

ಇಂಥ ದಲ್ಲಾಳಿಯ ಆಯ್ಕೆಯ ದಾರಿ ಸರಳ. ತಮ್ಮದೇ ಯೂನಿಟ್ಟಿನಲ್ಲಿ ಮೊದಲಿನಿಂದ ಇರುವ ಕುಟುಂಬಗಳನ್ನು ವಿಚಾರಿಸಬೇಕು. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಾಯಿತ ಯೋಜನೆಯ ಫ್ಲ್ಯಾಟ್ ಅಥವಾ ನಿವೇಶನ ಮಾರುವ ಏಜೆಂಟ್ 2016ರ ರಿಯಲ್ ಎಸ್ಟೇಟ್ ಕಾಯ್ದೆಯಂತೆ ನೋಂದಾಯಿಸಿಕೊಂಡಿರಲೇಬೇಕು. ಆ ನೋಂದಣಿ ಸಂಖ್ಯೆಯನ್ನು ತೆಲಂಗಾಣ ರೇರಾದಲ್ಲಿ ತಾಳೆ ನೋಡಬೇಕು. ಕಮಿಷನ್ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಬೇಕು. ಅವಧಿಗೆ ಮುನ್ನ ವರ್ಗವಾದರೆ ಮನೆ ಬಿಡಲು ಅವಕಾಶ ಕೊಡುವ ಷರತ್ತನ್ನು ಬಾಡಿಗೆ ಕರಾರಿನಲ್ಲಿ ಬರೆಸಿಕೊಡುವ ದಲ್ಲಾಳಿಯೇ ಸೈನಿಕ ಕುಟುಂಬದ ಬದುಕನ್ನು ಸರಿಯಾಗಿ ಅರಿತವನು.