ಟೈಬೀರಿಯಸನ ಬೆಳ್ಳಿ ನಾಣ್ಯದ ಪೀಠಾಸೀನ ಸ್ತ್ರೀ

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಟೈಬೀರಿಯಸ್ ಚಕ್ರವರ್ತಿಯ (ಕ್ರಿ.ಶ. 14–37) ಡಿನೇರಿಯಸ್ ಸಹ ಸೇರಿದೆ. ಅವನ ಡಿನೇರಿಯಸ್‌ಗಳಲ್ಲಿ ಅತಿ ಪರಿಚಿತವಾದ ಮಾದರಿಯ ಹಿಮ್ಮುಖದಲ್ಲಿ ಪೀಠಾಸೀನಳಾದ ಸ್ತ್ರೀಯೊಬ್ಬಳು ಒಂದು ಕೈಯಲ್ಲಿ ದಂಡವನ್ನೂ ಇನ್ನೊಂದರಲ್ಲಿ ಕೊಂಬೆಯನ್ನೂ ಹಿಡಿದಿದ್ದಾಳೆ. ಈಕೆ ಶಾಂತಿದೇವತೆ ಪಾಕ್ಸ್‌ನ ರೂಪ ತಾಳಿದ ರಾಜಮಾತೆ ಲಿವಿಯಾ ಎಂಬುದು ವಿದ್ವಾಂಸರಲ್ಲಿ ರೂಢಿಗೊಂಡ ಅಭಿಪ್ರಾಯ. ನಾಣ್ಯದ ಬರಹ ಹಾಗೆ ಹೇಳುವುದಿಲ್ಲ. ಸ್ತ್ರೀಯ ಸುತ್ತಲಿರುವುದು ‘ಮಹಾಪುರೋಹಿತ’ನೆಂಬ ಟೈಬೀರಿಯಸನ ಬಿರುದು ಮಾತ್ರ.

ಲಿವಿಯಾ 29ರಲ್ಲಿ ತೀರಿಕೊಂಡಾಗ ಅವಳಿಗೆ ದೈವಪದವಿ ನೀಡಲು ಮಗನೇ ಒಪ್ಪಲಿಲ್ಲ. ಅದು ಸಂದದ್ದು 42ರಲ್ಲಿ, ಕ್ಲಾಡಿಯಸನ ಕಾಲದಲ್ಲಿ. ಇಷ್ಟರಿಂದಲೇ ಆ ಗುರುತು ಸುಳ್ಳಾಗದು, ನಿಜ. ಆದರೂ ನಾಣ್ಯಪಟ್ಟಿಗಳಲ್ಲಿ ನಿಸ್ಸಂದೇಹವಾಗಿ ‘ಲಿವಿಯಾ’ ಎಂದು ನಮೂದಿಸುವುದು ಊಹೆಗೆ ಶಾಸನದ ಪ್ರಾಮಾಣ್ಯವನ್ನು ಕೊಟ್ಟಂತೆ. 140ರಲ್ಲಿ ನಿಧನಳಾದ ಹಿರಿಯ ಫೌಸ್ಟಿನಾಳ ಸಂಗತಿ ಬೇರೆ: ಮುಮ್ಮುಖದಲ್ಲಿ ‘ದಿವ್ಯ ಫೌಸ್ಟಿನಾ’ ಎಂಬ ಸ್ಪಷ್ಟ ಬರಹ, ಕೆಲವು ನಾಣ್ಯಗಳ ಹಿಮ್ಮುಖದಲ್ಲಿ ಧಾನ್ಯದೇವತೆ ಸೆರೆಸ್. ಅಲ್ಲಿ ರಾಣಿಯನ್ನೂ ದೇವತೆಯನ್ನೂ ಜೋಡಿಸಿದ್ದು ಟಂಕಸಾಲೆಯೇ.

ಹೆಸರಿಲ್ಲದ ಗ್ರಾಮದೇವತೆಯ ಕಲ್ಲಿಗೆ ಪುರಾಣದ ಹೆಸರು ಹಚ್ಚುವ ಆತುರ ಜಾನಪದ ಅಧ್ಯಯನಕ್ಕೆ ಅಪರಿಚಿತವಲ್ಲ. ನಮ್ಮ ಪಟ್ಟಿಗಳಲ್ಲಿ ಈಕೆ ‘ಪೀಠಾಸೀನ ಸ್ತ್ರೀ’ ಎಂದೇ ಇರಲಿ. ಲಿವಿಯಾಳ ಹೆಸರು ಅಡಿಟಿಪ್ಪಣಿಯಲ್ಲಿದ್ದರೆ ಸಾಕು.