ಒಣಮರ ಕಡಿಯುವ ಮುನ್ನ

ಮೊದಲು ಲಂಟಾನದ ಮಾತು ಮುಗಿಸುತ್ತೇನೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಗೆ ಬಂದ ಗಿಡವಿದು. ಮೇಲೆ ಸವರಿದರೆ ಬುಡದಿಂದ ಇಮ್ಮಡಿಯಾಗಿ ಚಿಗುರುತ್ತದೆ, ಬೆಂಕಿಗೂ ಜಗ್ಗುವುದಿಲ್ಲ. ಅದನ್ನು ತೆಗೆಯಲು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ತೋರಿಸಿಕೊಟ್ಟ ದಾರಿಯೇ ಸರಿ: ಮಣ್ಣಿನೊಳಗೆ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರು ಕತ್ತರಿಸಿ, ಗಿಡವನ್ನು ತಲೆಕೆಳಗು ಮಾಡಿ ಒಣಗಿಸಬೇಕು. ಖಾಲಿಯಾದ ಜಾಗಕ್ಕೆ ನಮ್ಮ ನೆಲದ ಹುಲ್ಲು ಬರಬೇಕು. ಹಣ್ಣು ತಿಂದ ಪಿಕಳಾರಗಳು ಬೀಜ ಉದುರಿಸುವುದು ತಾವು ಕೂರುವ ಮರದ ಕೆಳಗೆ. ಆದ್ದರಿಂದ ಮೊಳಕೆ ಕೀಳುವ ಕೆಲಸ ಅಲ್ಲಿಂದಲೇ ಶುರುವಾಗಲಿ.

ಆದರೆ ಲಂಟಾನದ ಹೆಸರಿನಲ್ಲಿ ಕತ್ತಿ ಹಿಡಿದು ಒಳಹೊಕ್ಕವರು ಅದರೊಂದಿಗೇ ಒಣಮರವನ್ನೂ ಉರುಳಿಸಿ, ತರಗೆಲೆ ಗುಡಿಸಿ ಸುಡುತ್ತಾರೆ. ನನ್ನ ಜಗಳ ಇರುವುದು ಇಲ್ಲಿ. ನಿಸರ್ಗಧಾಮವೆಂದರೆ ಹುಲ್ಲುಹಾಸು, ಪೇವರ್ ಕಲ್ಲು, ಸಿಮೆಂಟಿನ ಅಣಬೆ, ಬಣ್ಣದ ದೀಪ ಎಂದು ನಂಬಿದ ಸೌಂದರ್ಯೀಕರಣ ಪಂಥವನ್ನು ನಾನು ಎಂದೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ನಮ್ಮ ಬೆಳಗಾವಿಯ ಸದಾಶಿವನಗರದಲ್ಲೇ ಗುಲ್‌ಮೊಹರಿನ ಒಣಕೊಂಬೆಯೊಂದನ್ನು ಕತ್ತೆತ್ತಿ ನೋಡಿ. ಕೊಂಬೆಯ ಅಡಿಭಾಗದಲ್ಲಿ, ಮಳೆನೀರು ಇಳಿಯದ ಕಡೆ, ಕೊರೆದಂತೆ ದುಂಡಗಿನ ಒಂದು ತೂತು. ಕುಟ್ರು ಹಕ್ಕಿಯ ಕೆಲಸ ಅದು. ಈ ಹಕ್ಕಿ ಹಸಿಮರದ ಗಟ್ಟಿ ತಿರುಳನ್ನು ಕೊರೆಯಲಾರದು. ಮೆತ್ತಗಾದ ಒಣಮರವೇ ಬೇಕು. ಅದು ಬಿಟ್ಟುಹೋದ ಪೊಟರೆಗೆ ಬೇರೆ ಹಕ್ಕಿ ಬರುತ್ತದೆ. ಖಾನಾಪುರದ ಕಾಡಿನ ಮಂಗಟ್ಟೆಯ ಪಾಡು ಇನ್ನೂ ಕಷ್ಟ. ಅಷ್ಟು ದೊಡ್ಡ ಕೊಕ್ಕಿದ್ದರೂ ಪೊಟರೆ ಕೊರೆಯಲು ಬಾರದು. ಹಳೆಯ ಮರದಲ್ಲಿ ತಾನಾಗಿ ಆದ ಪೊಟರೆ ಸಿಕ್ಕರೆ ಹೆಣ್ಣು ಒಳಹೊಕ್ಕು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳಿನಿಂದ ಗಂಡು ಹಣ್ಣು ಉಣಿಸುತ್ತದೆ. ಪೊಟರೆ ಇಲ್ಲವಾದರೆ ಆ ವರ್ಷ ಮರಿಯೂ ಇಲ್ಲ.

ನಮ್ಮ ಜಿಲ್ಲೆಗೆ ಇದಕ್ಕಿಂತ ದೊಡ್ಡ ಪಾಠ ಬಾರಾಪೇಡೆ ಗುಹೆ. 1913ರಲ್ಲಿ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ ಅಲ್ಲಿನ ಒಂದು ಜಾತಿಯ ಬಾವಲಿಗೆ ರಾಟನ್ ಎಂಬ ಅಧಿಕಾರಿಯ ಹೆಸರಿಟ್ಟ. ಎಂಟು ದಶಕಕ್ಕೂ ಹೆಚ್ಚು ಕಾಲ ಅದು ಜಗತ್ತಿನ ಬೇರೆಲ್ಲೂ ಕಂಡಿರಲಿಲ್ಲ. ಮೇಘಾಲಯ, ಕಾಂಬೋಡಿಯಾಗಳಲ್ಲಿ ಸಿಕ್ಕಿದ್ದು ಆಮೇಲೆ. ಗುಹೆಯಿರುವ ಭೀಮಗಡ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಆ ಗುಹೆಗೆ ಬೇಕಾದ ಅಭಿವೃದ್ಧಿ ಕತ್ತಲೆ ಮತ್ತು ಮೌನ, ಅಷ್ಟೇ. ಮೆಟ್ಟಿಲು, ದೀಪ ಹಾಕಿದರೆ ಬಾವಲಿ ಉಳಿಯದು.

ಹಾಗೆಂದು ದಾರಿಯ ಮೇಲೆ ವಾಲಿದ ಮರವನ್ನು ಹಾಗೇ ಬಿಡಿ ಎನ್ನುತ್ತಿಲ್ಲ. ಕೊಂಬೆ ಇಳಿಸಿ, ಎರಡಾಳೆತ್ತರದ ಬೊಡ್ಡೆಯನ್ನಾದರೂ ನಿಲ್ಲಿಸಿ. ಬಿದ್ದ ದಿಮ್ಮಿ ಅಲ್ಲೇ ಕೊಳೆಯಲಿ. ಅಣಬೆ, ಗೆದ್ದಲು, ಹುಳ ಅದರಲ್ಲೇ ಬಾಳಲಿ. ಭೂತರಾಮನಹಟ್ಟಿಯ ಮೃಗಾಲಯದಂಥ ಕಡೆ ಜನ ನಡೆಯುವ ದಾರಿಯಿಂದಾಚೆಯ ಒಣಮರಗಳ ಒಂದು ಪಟ್ಟಿ ಮಾಡಿ, ಯಾವುದು ಉಳಿಯಬೇಕು ಎಂದು ಬಣ್ಣದಿಂದ ಗುರುತು ಹಾಕಬಹುದು.

ಮಳೆಗಾಲಕ್ಕೆ ಮುಂಚೆ ಕೊಂಬೆ ಸವರುವವರು ನಿಮ್ಮ ಬೀದಿಗೂ ಬರುತ್ತಾರೆ. ಅಂದು ಮನೆಯಿಂದ ಹೊರಬಂದು ನಿಂತು, ಪೊಟರೆ ಇರುವ ಕೊಂಬೆಯನ್ನು ಅವರಿಗೆ ತೋರಿಸಿ. ಮರಿಗಳು ಹಾರುವವರೆಗೆ ಅದನ್ನು ಮುಟ್ಟಬೇಡಿ ಎಂದು ಕೇಳಿಕೊಳ್ಳಿ.